ಸರಸಕ್ಕ ತಿರುಗಿಸಿದ ಬಟ್ಟೆ ಮಿಷಿನ್ನು

ಅರಸೀಕೆರೆಯ ನಮ್ಮ ಬೀದಿಯಲ್ಲಿ ಪ್ರತಿ ಮನೆಯ ಹಿತ್ತಲಲ್ಲೂ ಒಂದು ಒಗೆಯುವ ಕಲ್ಲಿದ್ದ ಕಾಲ ಅದು. ಬೆಳಗಾದರೆ ಸಾಕು, ಸುತ್ತೆಲ್ಲ ಬಟ್ಟೆ ಬಡಿಯುವ ಸದ್ದು. ನಮ್ಮ ಮನೆಯಲ್ಲಿ ಅದು ಎಲ್ಲರಿಗಿಂತ ಮೊದಲು ಶುರುವಾಗಿ ಎಲ್ಲರ ನಂತರ ನಿಲ್ಲುತ್ತಿತ್ತು. ಲಕ್ವ ಹೊಡೆದಿದ್ದ ಅಜ್ಜಿಯನ್ನು ಬಸ್ತಿಹಳ್ಳಿಯಿಂದ ಕರೆತಂದು ನಡುಮನೆಯಲ್ಲಿ ಮಲಗಿಸಿದ್ದೆವು. ಅವಳ ಹಾಸಿಗೆಬಟ್ಟೆಗಳನ್ನು ದಿನವೂ ಒಗೆಯಲೇಬೇಕು. ಆ ಚಳಿಗಾಲದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಕಟ್ಟು ಬಿಚ್ಚಿದ ಮೇಲೂ ಕೈ ಸೊಟ್ಟಗೇ ಉಳಿಯಿತು. ಒಂಬತ್ತನೇ ತರಗತಿಯಲ್ಲಿದ್ದ ನನ್ನಕ್ಕ ಸರಸ ಶಾಲೆ ಬಿಟ್ಟು ಕಲ್ಲಿನ ಮುಂದೆ ನಿಂತಳು. ನಾನಿನ್ನೂ ಎರಡನೇ ತರಗತಿ.

ಯುಗಾದಿ ಕಳೆದ ಮೇಲೆ ಒಂದು ಸಂಜೆ, ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದ ಅಪ್ಪ ಕೈಗಾಡಿಯಲ್ಲಿ ಏನನ್ನೋ ಹೇರಿಸಿಕೊಂಡು ಬಂದರು. ರೈಲ್ವೆ ಕ್ವಾರ್ಟರ್ಸಿನಿಂದ ವರ್ಗವಾಗಿ ಹೋದವರು ಯಾರೋ ಬಿಟ್ಟದ್ದಂತೆ. ಮರದ ಕಾಲುಗಳ ಮೇಲೆ ತಗಡಿನ ಪೀಪಾಯಿ, ಪಕ್ಕದಲ್ಲಿ ಕಬ್ಬಿಣದ ಹಿಡಿ, ಮೇಲೆ ಎರಡು ರಬ್ಬರ್ ಉರುಳೆ. ಹಿಡಿ ತಿರುಗಿಸಿದರೆ ಒಳಗೆ ಬಟ್ಟೆ ಹೊರಳುತ್ತಿತ್ತು; ಉರುಳೆಗಳ ನಡುವೆ ತೂರಿಸಿದರೆ ನೀರು ಹಿಂಡಿ ಹೋಗುತ್ತಿತ್ತು.

"ಬಟ್ಟೆ ಒಗಿಯೋ ಮಿಷಿನ್ನು ಕಣಮ್ಮ," ಎಂದರು ಅಪ್ಪ ಸರಸಕ್ಕನಿಗೆ. "ಜೂನಿಗೆ ನೀನು ಇಸ್ಕೂಲಿಗೆ ಹೋಗು. ನಿಮ್ಮಮ್ಮ ಇದ್ರಲ್ಲಿ ಒಗ್ಕೊತಾಳೆ."

ಅಮ್ಮ ಅದಕ್ಕೆ ಕುಂಕುಮವಿಟ್ಟು, ನಿಂಬೆಹಣ್ಣು ನಿವಾಳಿಸಿ, ಬೆಲ್ಲ-ಕಾಯಿ ಹಾಕಿದ ಅವಲಕ್ಕಿ ಹಂಚಿದಳು. ಆ ಬೇಸಿಗೆ ರಜೆಯಲ್ಲಿ ನನಗೆ ಕುಂಟೆಬಿಲ್ಲೆಯೂ ಬೇಡವಾಯಿತು. ಬಿಸಿನೀರು, ಬಾರ್ ಸೋಪಿನ ವಾಸನೆ, ಸರಸಕ್ಕ ಹಿಡಿ ತಿರುಗಿಸಿದಂತೆ ಪೀಪಾಯಿಯ ಗಳಗಳ ಸದ್ದು. ನನ್ನ ಲಂಗ ಉರುಳೆಗಳ ನಡುವಿನಿಂದ ಹಪ್ಪಳದಂತೆ ಚಪ್ಪಟೆಯಾಗಿ ಬಂದಾಗ ಅಜ್ಜಿ ಕೂಡ ಮಲಗಿದಲ್ಲೇ ಅರ್ಧ ಬಾಯಲ್ಲಿ ನಕ್ಕಳು. ಒಂದು ಮಧ್ಯಾಹ್ನ ಸರಸಕ್ಕ ಯೂನಿಫಾರಮ್ಮಿನ ಲಂಗ ತೆಗೆದು, ಮಡಿಚಿದ್ದ ಅಂಚು ಬಿಚ್ಚಿ ಉದ್ದ ಮಾಡಿಕೊಂಡಳು. ಅಷ್ಟು ಬೆಳೆದಿದ್ದಳು.

ಮೇ ತಿಂಗಳ ಕೊನೆಗೆ ಅಮ್ಮ, "ಸರಿ ಅತ್ಲಾಗೆ, ನಾನು ಅಭ್ಯಾಸ ಮಾಡ್ಕೊತೀನಿ," ಎಂದು ಮಿಷಿನ್ನಿನ ಮುಂದೆ ನಿಂತಳು. ಖಾಲಿ ಪೀಪಾಯಿ ಸುಲಭವಾಗಿ ತಿರುಗಿತು. ನೆನೆದ ದುಪ್ಪಟಿ, ನೀರು ತುಂಬಿದಾಗ ಹಿಡಿ ಅರ್ಧಕ್ಕೇ ನಿಂತಿತು. ಎಡಗೈ ಹಾಕಿದಳು, ಎರಡೂ ಕೈ ಹಾಕಿದಳು. ತುಟಿ ಕಚ್ಚಿ ಒತ್ತುವಾಗ ಅವಳ ಮುಖ ಬಿಳಿಚಿಕೊಂಡಿತು. ನಾನು ಹಿಡಿಗೆ ಜೋತುಬಿದ್ದೆ. ನನ್ನ ಕಾಲು ನೆಲ ಬಿಟ್ಟವೇ ಹೊರತು ಅದು ಅಲುಗಲಿಲ್ಲ. ಮರುದಿನ ಬಟ್ಟೆ ಕಮ್ಮಿ ಮಾಡಿ ನೋಡಿದಳು. ಸಂಜೆಗೆ ಮಣಿಕಟ್ಟು ಬಾತುಕೊಂಡಿತು.

ಅಪ್ಪ ಕೆಲವು ದಿನ ಮಂಡಿಗೆ ಹೋಗುವ ಮೊದಲು ತಾವೇ ತಿರುಗಿಸಿದರು. ಆದರೆ ಅಜ್ಜಿಯ ಹಾಸಿಗೆ ಮಧ್ಯಾಹ್ನವೂ ಒದ್ದೆಯಾಗುತ್ತಿತ್ತು.

ಶಾಲೆ ಶುರುವಾಗುವ ಹಿಂದಿನ ದಿನ ಅಪ್ಪ ಗೋಡೆ ನೋಡುತ್ತ ಹೇಳಿದರು: "ಇನ್ನೊಂದು ವರ್ಷ ನೋಡಾನ ಕಣಮ್ಮ. ಮಿಷಿನ್ನೇನೋ ಚೆನ್ನಾಗೈತೆ. ತಿರುಗ್ಸೋಕೆ ಒಬ್ರು ಬೇಕಲ್ಲ."

"ಆಯ್ತಪ್ಪ," ಎಂದಳು ಸರಸಕ್ಕ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ಸರಸಕ್ಕ ನನಗೆ ಎರಡು ಜಡೆ ಹೆಣೆದು, ಟೇಪು ಕಟ್ಟಿ, ಬಾಗಿಲವರೆಗೂ ಬಂದು ಕಳಿಸಿದಳು. ಸಂಜೆ ಬಂದೊಡನೆ, "ಇವತ್ತು ಏನ್ ಹೇಳ್ಕೊಟ್ರೇ?" ಎಂದು ಕೇಳಿದಳು. ಬಹಳ ದಿನ ಹಾಗೆ ಕೇಳುತ್ತಿದ್ದಳು. ಯಾವಾಗ ನಿಲ್ಲಿಸಿದಳೋ, ನನಗೆ ತಿಳಿಯಲೇ ಇಲ್ಲ.

ಆ ಇನ್ನೊಂದು ವರ್ಷ ಮುಗಿಯಲೇ ಇಲ್ಲ. ಅಜ್ಜಿ ತೀರಿಕೊಳ್ಳುವ ಹೊತ್ತಿಗೆ ಅಕ್ಕನಿಗೆ ಹತ್ತಿರದ ಗಂಡಸಿ ಎಂಬ ಊರಲ್ಲಿ ಗಂಡು ಗೊತ್ತಾಗಿತ್ತು. ನಾನು ಓದಿದೆ, ಕೆಲಸಕ್ಕೆ ಸೇರಿದೆ.

ನನಗೆ ಅಕ್ಷರ ತಿದ್ದಿಸಿದವಳು ಸರಸಕ್ಕ. ಮಗ್ಗಿ ತಪ್ಪಿದರೆ ತಲೆಗೆ ಮೊಟಕುತ್ತಿದ್ದಳು. ಈಗ ನಾನು ಅವಳೂರಿಗೆ ಹೋದಾಗ ಮನೆಯ ಯಾವುದೇ ಮಾತು ಬರಲಿ, "ನಂಗೇನ್ ಗೊತ್ತೈತೆ, ನೀನು ಓದಿರೋಳು, ನೀನೇ ಹೇಳು," ಎನ್ನುತ್ತಾಳೆ. ಅವಳ ದನಿಯಲ್ಲಿ ಸಿಟ್ಟಿಲ್ಲ. ಸಿಟ್ಟಾದರೂ ಇದ್ದಿದ್ದರೆ, ಆ ಹಳೆಯ ಅಕ್ಕ ಇನ್ನೂ ಒಳಗೆಲ್ಲೋ ಉಳಿದಿದ್ದಾಳೆ ಎಂದುಕೊಳ್ಳುತ್ತಿದ್ದೆ.