ಹನ್ನೊಂದು ಖಾಲಿ ಇಲ್ಲ

ಈ ಅಪ್ಪನಿಗೆ ಮನೆಯ ಕಂಪ್ಯೂಟರುಗಳೆಲ್ಲ ಮಕ್ಕಳಿದ್ದ ಹಾಗೆ, ಒಂದೊಂದಕ್ಕೂ ಕಾಯಂ ಐಪಿ ವಿಳಾಸ, ಅಂದರೆ ವೈಫೈಯಲ್ಲಿ ಅದರದೇ ಆದ ನಂಬರ್, ಕೊಡದೆ ಅವರಿಗೆ ಊಟ ಸೇರುವುದಿಲ್ಲ. ರೂಟರ್ ತನಗೆ ತೋಚಿದ ನಂಬರ್ ಹಂಚಿತೋ ಮುಗಿಯಿತು, ಪ್ರಿಂಟರ್ ದಿನಕ್ಕೊಂದು ವಿಳಾಸದಲ್ಲಿ ಅಡಗಿ ಕೂತು ಮನೆಮಂದಿಯನ್ನೆಲ್ಲ ಸತಾಯಿಸುತ್ತದೆ ಎನ್ನುವುದು ಅವರ ವಾದ. ಹಾಗಾಗಿ ಎಲ್ಲದರ ಬೆನ್ನಿಗೂ ವಿಳಾಸದ ಕೊನೆಯ ಸಂಖ್ಯೆ ಬರೆದ ಚೀಟಿ ಅಂಟಿದೆ, ಅಮ್ಮನ ಟ್ಯಾಬ್‌ಗೆ ಎರಡು, ಪ್ರಿಂಟರ್‌ಗೆ ಹತ್ತು. ನೆಂಟರು ಬಂದರಂತೂ ಚಪ್ಪಲಿ ಬಿಡುವ ಮೊದಲೇ, “ಫೋನ್ ಕೊಡಿ, ನಿಮಗೊಂದು ಜಾಗ ಮಾಡ್ತೀನಿ!” “ರೀ, ಮೊದಲು ಕೂರೋಕೆ ಜಾಗ ಕೊಡಿ!” ಎಂದು ಒಳಗಿನಿಂದ ಅಮ್ಮನ ಕೂಗು. ಇಷ್ಟೆಲ್ಲ ಶಿಸ್ತಿನ ಮನುಷ್ಯ, ಪಕ್ಕದ ಮನೆಯವರು ಕದ್ದು ವೈಫೈ ಬಳಸುತ್ತಿದ್ದಾರೆಂದು ಗೊತ್ತಿದ್ದರೂ ಪಾಸ್‌ವರ್ಡ್ ಮಾತ್ರ ಬದಲಿಸುವುದಿಲ್ಲ. ಮೊನ್ನೆ ಹೊಸ ಟೀವಿ ಬಂತು. “ಅಪ್ಪಾ, ಹನ್ನೊಂದು ಖಾಲಿ ಇದೆಯಲ್ಲ, ಅದನ್ನೇ ಕೊಡೋಣ,” ಎಂದಳು ಮಗಳು. “ಖಾಲಿ ಇಲ್ಲ ಕಣೇ. ಅದು ನಿನ್ನ ಚಿಕ್ಕಪ್ಪನ ಲ್ಯಾಪ್‌ಟಾಪಿಂದು.” ಚಿಕ್ಕಪ್ಪ ಅಪ್ಪನ ಜೊತೆ ಜಗಳವಾಡಿ ಬೇರೆ ಮನೆ ಮಾಡಿ ವರ್ಷವಾಗಿದೆ, ಅಣ್ಣತಮ್ಮಂದಿರ ನಡುವೆ ಮಾತಿಲ್ಲ, ಫೋನಿಲ್ಲ. “ಅವರೆಲ್ಲಿ ಬರ್ತಾರಪ್ಪಾ?” ಅಪ್ಪ ರೂಟರ್ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿದರು. “ಬಂದ ಅನ್ಕೋ. ಲ್ಯಾಪ್‌ಟಾಪ್ ತೆರೆದ ತಕ್ಷಣ ಅವನ ನಂಬರ್‌ಗೇ ಕನೆಕ್ಟ್ ಆಗ್ಬೇಕು. ಪಾಸ್‌ವರ್ಡ್ ಏನು ಅಂತ ಅವನು ನನ್ನ ಕೇಳೋ ಹಾಗಾಗ್ಬಾರ್ದು, ಅಷ್ಟೆ.” ಮಗಳು ಚೀಟಿಯ ಮೇಲೆ ಹನ್ನೆರಡು ಎಂದು ಬರೆದು ಟೀವಿಯ ಬೆನ್ನಿಗೆ ಅಂಟಿಸಿದಳು.