ಒಂದು ‘ನು’ವಿಗೆ ಜಾಗ ಬೇಕಿತ್ತು

ಬೆಳಗಿನ ಐದೂಕಾಲು. ನಿಶಿಜಿನ್ ಓಣಿಯ ಮಗ್ಗಗಳು ಇನ್ನೂ ಸದ್ದು ಶುರು ಮಾಡಿಲ್ಲ. ಹಿರಮತ್ಸು ತಾಕಿಕೊ ಮಾತ್ರ ಆಗಲೇ ಮೂರು ಸಲ ಕುರ್ಚಿ ಬಿಟ್ಟು ಎದ್ದಿದ್ದಾರೆ, ಮೂರು ಸಲ ಮತ್ತೆ ಕೂತಿದ್ದಾರೆ. ಪಕ್ಕದಲ್ಲಿಟ್ಟ ಬಾರ್ಲಿ ಚಹಾ ತಣ್ಣಗಾಗಿದೆ. ಅರವತ್ತೆಂಟರ ಈ ಹೆಂಗಸಿಗೆ ಒಂಬತ್ತು ಗಂಟೆಯೊಳಗೆ ಎಂಟು ಬೈಟ್ ಜಾಗ ಬೇಕು, ಎಲ್ಲೂ ಸಿಗುತ್ತಿಲ್ಲ.

ಮೂವತ್ತನಾಲ್ಕು ವರ್ಷದ ಹಿಂದೆ, ಅಂಗೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆಂದು ನಾಲ್ಕು ಜನ ಸೇರಿ ‘ಉಪ್ಪಿನ ದಾರಿ’ ಎಂಬ ಆಟ ಮಾಡಿದ್ದರು. ಅದರ ಚಿತ್ರಗಳೆಲ್ಲ ತಾಕಿಕೊ ಅವರ ಕೈಯವು. ಬೆಂಕಿಪೊಟ್ಟಣದಷ್ಟಗಲದ ಕಾರ್ಟ್ರಿಜ್, ಒಳಗೆ ಮೂವತ್ತೆರಡು ಕಿಲೋಬೈಟ್. ಇವತ್ತಿನ ಫೋನಿನ ಒಂದೇ ಫೋಟೊ ಅಂಥ ನೂರು ಆಟಗಳ ಜಾಗ ನುಂಗುತ್ತದೆ. ಅಷ್ಟರಲ್ಲೇ ಹನ್ನೊಂದು ಊರು, ಒಂದು ಸಮುದ್ರ, ಆರು ಹಾಡು! ಆ ಆಟ ಈಗ ಹೊಸದಾಗಿ ಐನೂರು ಪ್ರತಿ ಬರಲಿದೆ. ಅಂತಿಮ ಕಡತ ಒಂಬತ್ತಕ್ಕೆ ಕಾರ್ಖಾನೆ ಸೇರಬೇಕು.

“ಸಮುದ್ರ ಅಂತೀರಲ್ಲ, ನಾನು ಬರೆದಿದ್ದು ಒಂದೇ ಅಲೆ,” ಎನ್ನುತ್ತಾರೆ ತಾಕಿಕೊ. “ಅದನ್ನೇ ಸಾಲಾಗಿ ಜೋಡಿಸಿದ್ವಿ. ಹುಡುಗಿ ಎಡಕ್ಕೆ ನಡೆಯೋದು ಮಾತ್ರ ಬರೆದೆ, ಬಲಕ್ಕೆ ಹೋಗುವಾಗ ಯಂತ್ರವೇ ತಿರುಗಿಸ್ಕೊಳತ್ತೆ. ಹಾಡಿಗೆ ದನಿ ತುಂಬಿಲ್ಲ, ಸ್ವರ ಬರೆದಿಟ್ಟಿದೀವಿ ಅಷ್ಟೆ. ಹಾಡೋದು ಅದರ ಕೆಲಸ.”

ಈ ಜಿಪುಣತನ ಅವರಿಗೆ ಅಪ್ಪನಿಂದ ಬಂದದ್ದು. ಅಪ್ಪ ರೇಷ್ಮೆ ನೇಯ್ಗೆಗೆ ಚೌಕುಳಿ ಹಾಳೆಯ ಮೇಲೆ ವಿನ್ಯಾಸ ಬರೆಯುತ್ತಿದ್ದವರು. ಹದಿನಾರನೇ ವಯಸ್ಸಿಗೇ ಮಗಳೂ ಕುಂಚ ಹಿಡಿದು ಚೌಕ ತುಂಬಿದಳು. ನೇಯ್ಗೆ ಸೊರಗಿದಾಗ ಆಟದ ಕಂಪನಿ ಕರೆಯಿತು. ಹನ್ನೆರಡು ವರ್ಷಕ್ಕೆ ಅದೂ ಬಾಗಿಲು ಮುಚ್ಚಿತು. ಆಮೇಲೆ ಹನ್ನೊಂದು ವರ್ಷ ಸೂಪರ್ ಮಾರ್ಕೆಟ್ಟಿನಲ್ಲಿ ಬೆಂತೊ ಡಬ್ಬಿಗೆ ಊಟ ತುಂಬಿದ್ದಾರೆ. “ಅಲ್ಲೂ ಅದೇ ಕೆಲಸ ಬಿಡಿ. ಸಣ್ಣ ಡಬ್ಬಿ, ಜಾಸ್ತಿ ಸಾಮಾನು.” ಈಗ ಮನೆಯಲ್ಲೇ ಹಳೆಯ ಕಾರ್ಟ್ರಿಜ್ ಬಿಚ್ಚಿ, ಸತ್ತ ಬ್ಯಾಟರಿ ಬದಲಿಸಿ ಬೆಸುಗೆ ಹಾಕುತ್ತಾರೆ. ದಿನಕ್ಕೆ ಇಪ್ಪತ್ತೆರಡು. ಬೆರಳು ನಡುಗುವ ದಿನ ಹದಿನೈದು.

ಬೇಕಾಗಿರುವ ಎಂಟು ಬೈಟಿನ ಕಥೆ ಹೀಗಿದೆ. ಆಟ ಮುಗಿಯುವ ಹೊತ್ತಿಗೆ ಜಾಗ ಸಾಲದೆ, ಯಾವುದಾದರೂ ಅಕ್ಷರ ಕಿತ್ತುಹಾಕಿ ಎಂದು ಮೇಲಿನವರು ಹೇಳಿದರು. ಒಂದೊಂದು ಅಕ್ಷರದ ಚಿತ್ರಕ್ಕೂ ಎಂಟು ಸಾಲು, ಸಾಲಿಗೊಂದು ಬೈಟ್. ಆಟದ ಮಾತುಗಳಲ್ಲಿ ‘ನು’ ಬರುತ್ತಿದ್ದದ್ದು ಒಂದೇ ಪದದಲ್ಲಿ: ಇನು, ಅಂದರೆ ನಾಯಿ. ತಾಕಿಕೊ ಅದನ್ನು ‘ನೆಕೊ’, ಬೆಕ್ಕು, ಮಾಡಿ ‘ನು’ವನ್ನು ಅಳಿಸಿಬಿಟ್ಟರು. ಚಿತ್ರ ತಿದ್ದಲು ಸಮಯವಿರಲಿಲ್ಲ. ಬಾಲ ಅಲ್ಲಾಡಿಸಿಕೊಂಡು ಓಡಿಬರುವ ನಾಯಿಯನ್ನು ಊರಿಗೆ ಊರೇ ಬೆಕ್ಕು ಎಂದು ಕರೆಯಿತು. “ಮಕ್ಳು ಏನೂ ಅನ್ನಲಿಲ್ಲ ನೋಡಿ. ಯಾವುದೋ ಹೊಸ ಜಾತಿ ಬೆಕ್ಕು ಅಂದ್ಕೊಂಡ್ರು!”

ಒಂದು ಮಗು ಮಾತ್ರ ಅಂದಿತು. ಆಟಗಾರರು ತಮ್ಮ ಹೆಸರು ಬರೆಯುವ ಪರದೆಯಲ್ಲಿ ನ, ನಿ ಆದಮೇಲೆ ಒಂದು ಮನೆ ಖಾಲಿ, ಆಮೇಲೆ ನೆ, ನೊ. ತೊತ್ತೋರಿಯ ಒಂಬತ್ತು ವರ್ಷದ ಆ ಹುಡುಗಿಯ ಹೆಸರು ಕಿನುಯೊ. ಬೇರೆ ದಾರಿ ಕಾಣದೆ, ಜಪಾನಿ ಲಿಪಿಯಲ್ಲಿ ನೋಡಲು ‘ನು’ವಿನ ಹಾಗೇ ಇರುವ ‘ಮೆ’ ಹಾಕಿ ಆಡಿದಳು. ಆಮೇಲೆ ಕಂಪನಿಗೆ ಪತ್ರ ಬರೆದಳು: “ಆಟದಲ್ಲಿ ಎಲ್ಲರೂ ನನ್ನನ್ನು ಕಿಮೆಯೊ ಅಂತಾರೆ. ಅವಳು ಯಾರೋ ನನಗೆ ಗೊತ್ತಿಲ್ಲ. ನನ್ನ ಹೆಸರಿಗೆ ಜಾಗ ಇಲ್ವಾ?”

ಮಕ್ಕಳ ಪತ್ರಕ್ಕೆ ಉತ್ತರ ಬರೆಯಕೂಡದೆಂದು ಕಂಪನಿಯ ಕಟ್ಟಪ್ಪಣೆ. ತಾಕಿಕೊ ಬರೆಯಲಿಲ್ಲ. ಅದು ಇವತ್ತಿಗೂ ಮುಳ್ಳಿನಂತೆ ಚುಚ್ಚುತ್ತದೆ.

ಆರೂವರೆಗೆ ಒಂದು ಉಪಾಯ ಹೊಳೆಯುತ್ತದೆ. ‘ಮೆ’ಯ ಕೊನೆಯ ಮೂರು ಸಾಲು ತಿದ್ದಿದರೆ ‘ನು’ ಆಗುತ್ತದಲ್ಲ! ಆದರೆ ತಿದ್ದು ಎಂದು ಯಂತ್ರಕ್ಕೆ ಹೇಳುವುದಕ್ಕೇ ಹನ್ನೊಂದು ಬೈಟ್ ಬೇಕು. ಹಾಡಿನಿಂದ ಎಂಟು ಸ್ವರ ಕೀಳುತ್ತಾರೆ, ಹಾಡು ಎಡವುತ್ತದೆ, ವಾಪಸ್ ಹಾಕುತ್ತಾರೆ. ಮತ್ತೆ ಏಳುತ್ತಾರೆ, ಕಿಟಕಿ ತೆರೆಯುತ್ತಾರೆ, ಮುಚ್ಚುತ್ತಾರೆ.

ಏಳೂವರೆಗೆ ಫೋನ್. ಆ ನಾಲ್ವರಲ್ಲೊಬ್ಬರಾದ ಶಿಬುಕಾವಾ ಅವರದು. ಆಟದ ಲೆಕ್ಕಾಚಾರವೆಲ್ಲ ಬರೆದವರು ಅವರೇ.

“ಹಿರಮತ್ಸುಸಾನ್, ಅದರಿಂದ ಕೈ ತೆಗೀರಿ. ಚೆನ್ನಾಗಿ ಓಡ್ತಿರೋ ಆಟ ಅದು.”

“ಓಡ್ತಿದೆ, ಕುಂಟ್ಕೊಂಡು.”

“ಕೊಳ್ಳೋರೇ ಐನೂರು ಜನ. ಅದರಲ್ಲಿ ‘ನು’ ಇರೋ ಹೆಸರು ಎಷ್ಟಿರತ್ತೆ ಹೇಳಿ?”

“ಒಂದಿದ್ರೂ ಇರತ್ತಲ್ಲ.”

“ಮೂವತ್ನಾಲ್ಕು ವರ್ಷದಿಂದ ಇದೇ ರಾಗ! ನಿಮ್ಮ ಹಟಕ್ಕೆ ಎಷ್ಟು ಬೈಟ್ ಬೇಕೋ, ಅದನ್ನ ಲೆಕ್ಕ ಹಾಕ್ಬೇಕಿತ್ತು.”

ಫೋನ್ ಇಟ್ಟ ತಾಕಿಕೊ ಕಡತವನ್ನು ಕೊನೆಯವರೆಗೂ ಸರಿಸುತ್ತಾರೆ. ಅಲ್ಲಿ, ಆಟ ಗೆದ್ದವರಿಗೆ ಮಾತ್ರ ಕಾಣುವ ಪಟ್ಟಿಯಲ್ಲಿ, ಮಾಡಿದವರ ನಾಲ್ಕು ಹೆಸರು. ಬರಹದಲ್ಲಿ ಅಕ್ಷರಕ್ಕೊಂದೇ ಬೈಟ್. ಹಿರಮತ್ಸು, ನಾಲ್ಕು. ನಡುವೆ ಒಂದು ತೆರಪು. ತಾಕಿಕೊ, ಮೂರು. ಬೆರಳು ಮಡಚಿ ಎಣಿಸುತ್ತಾರೆ, ಇನ್ನೊಮ್ಮೆ ಎಣಿಸುತ್ತಾರೆ. ಈ ಸಲ ಕುರ್ಚಿಯಿಂದ ಏಳುವುದಿಲ್ಲ.

ಎಂಟೂಕಾಲಿಗೆ ಪರೀಕ್ಷೆ. ಕಿ, ನು, ಯೊ. ಮೊದಲ ಊರಿನಲ್ಲಿ ಉಪ್ಪು ಮಾರುವ ಮುದುಕಿ ತಿರುಗಿ ನೋಡಿ “ಬಾ, ಕಿನುಯೊ” ಎನ್ನುತ್ತಾಳೆ. ತಾಕಿಕೊ ಕಣ್ಣೊರೆಸಿಕೊಂಡು ಕಡತವನ್ನು ಕಾರ್ಖಾನೆಗೂ ಶಿಬುಕಾವಾ ಅವರಿಗೂ ಕಳಿಸುತ್ತಾರೆ. ಹತ್ತೇ ನಿಮಿಷಕ್ಕೆ ಶಿಬುಕಾವಾ ಅವರಿಂದ ಮತ್ತೆ ಫೋನ್.

“ಕೊನೇಲಿ ನಿಮ್ಮ ಹೆಸರೇ ಇಲ್ವಲ್ರೀ! ನಿಮ್ಮ ಹೆಸರು ಇದ್ದದ್ದೇ ಅದೊಂದು ಕಡೆ. ವಾಪಸ್ ಹಾಕಿ, ಬೇಕಾದ್ರೆ ನನ್ನದು ತೆಗೀರಿ.”

“ನಿಮ್ಮ ಪೂರ್ತಿ ಹೆಸರು ತೆರಪೂ ಸೇರಿ ಏಳೇ ಆಗತ್ತೆ, ಸಾಲಲ್ಲ.”

ತಾಕಿಕೊ ತಣ್ಣಗಿನ ಚಹಾ ಒಂದೇ ಗುಟುಕಿಗೆ ಕುಡಿದು ಹೇಳುತ್ತಾರೆ: “ಕೊನೇವರೆಗೂ ಆಡೋರು ನೂರಕ್ಕೆ ಹತ್ತು ಜನ, ಶಿಬುಕಾವಾಸಾನ್. ಹೆಸರು ಬರೆದು ಶುರು ಮಾಡೋರು ನೂರಕ್ಕೆ ನೂರು. ಜಾಗ ಎಲ್ಲಿ ಬೇಕಿತ್ತೋ ಅಲ್ಲಿಗೆ ಕೊಟ್ಟಿದೀನಿ.”