ಒಂದು ವೈರು ಕೊಡದವನು

ಆತನ ಎಡಗೈ ಮಣಿಕಟ್ಟಿನ ಸುತ್ತ ಸುಟ್ಟ ಗಾಯದ ಒಂದು ಪಟ್ಟಿ ಇತ್ತು. ವಾಚು ಕಟ್ಟುವ ಜಾಗದಲ್ಲೇ, ವಾಚಿನಷ್ಟೇ ಅಗಲ. ಕೊಂಡಿ ಕೂರುವ ಕಡೆ ಚರ್ಮ ಗಂಟುಗಟ್ಟಿ ಕಪ್ಪಗಾಗಿತ್ತು. ಎಂದೋ ಬ್ಯಾಟರಿಯ ಎರಡು ತುದಿಗಳ ನಡುವೆ ಕೈಯಿಟ್ಟಾಗ ಸ್ಟೀಲ್ ವಾಚು ಕೆಂಡವಾಗಿ ಅಂಟಿಕೊಂಡಿತ್ತಂತೆ. ಕೈ ಅಷ್ಟು ಸುಟ್ಟ ಮೇಲೂ ಈ ಮನುಷ್ಯನ ಬಾಯಿ ಮಾತ್ರ ಚೂರೂ ಸುಡಲಿಲ್ಲವಲ್ಲ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ನಮ್ಮೂರು ಬೆಟ್ಟದ ಮೇಲೆ, ಜೀರಹಳ್ಳಿಯಿಂದ ಆಚೆಗೆ, ಕಾಡಿನ ಅಂಚಿನಲ್ಲಿದೆ. ನಮ್ಮ ಹೊಲದ ಮೂಲೆಯಲ್ಲಿ ಒಂದು ಮೊಬೈಲ್ ಟವರು ನಿಂತಿದೆ, ಅದರ ಗೇಟಿನ ಬೀಗದ ಕೈ ನನ್ನ ಹತ್ತಿರ. ಬೆಟ್ಟದ ಮೇಲಿನ ಟವರುಗಳಿಗೆ ಯಾವ ಬ್ಯಾಟರಿ, ಯಾವ ಚಾರ್ಜರು, ಕರೆಂಟು ಹೋದರೆ ಏನು ಗತಿ ಎಂದು ತೀರ್ಮಾನ ಮಾಡುತ್ತಿದ್ದವನು ಈತ. ಗುಮಟಾಪುರದ ಕಡೆಯವನೇ, ಕೆಳಗೆ ಸತ್ಯಮಂಗಲದಲ್ಲಿ ಮನೆ ಮಾಡಿಕೊಂಡಿದ್ದ. ಊರವರು ‘ಬ್ಯಾಟ್ರಿಯವ್ನು’ ಎನ್ನುತ್ತಿದ್ದರು. ಸತ್ತವರಿಗೆ ಬಹುವಚನ ಕೊಟ್ಟು ಬರೆಯುವುದು ಮರ್ಯಾದೆ. ಬದುಕಿದ್ದಾಗ ಆತ ಯಾರಿಗೂ ಕೊಡಲಿಲ್ಲ, ನಾನೂ ಕೊಡುವುದಿಲ್ಲ.

ಮೊದಲ ದಿನವೇ ಜಗಳ. ಟವರಿನ ಹಳೆಯ ಬ್ಯಾಟರಿಗಳು ಸತ್ತುಹೋಗಿದ್ದವು. ಕರೆಂಟು ಹೋದ ಸ್ವಲ್ಪ ಹೊತ್ತಿಗೆಲ್ಲ ಊರಿನ ಫೋನುಗಳು ಮೂಕವಾಗುತ್ತಿದ್ದವು. ಹೊಸದಾಗಿ ಏನು ಹಾಕಬೇಕೆಂದು ನೋಡಲು ಆತ ಜೀಪಿನಲ್ಲಿ ದಿಂಬಂ ಘಾಟಿ ಹತ್ತಿ ಬಂದಿದ್ದ. ನಾನು ಬೀಗ ತೆಗೆದು ಬ್ಯಾಟರಿ ಕೋಣೆಯ ಹೊಸಿಲಿಗೆ ಕಾಲಿಟ್ಟಿದ್ದೆನಷ್ಟೆ, ಹಿಂದಿನಿಂದ ಗದರಿದ.

"ನಿಂತ್ಕೊ ಅಲ್ಲೇ. ಕುತ್ಗೇಲಿರೋದ ಬಿಚ್ಚಿಟ್ಟು ಬಾ."

"ಏನು ಸಾರ್?"

"ತಾಳಿ ಕಣಮ್ಮ, ತಾಳಿ. ಅದ ಬಿಚ್ಚು. ಉಂಗ್ರನೂವೆ."

ನಮ್ಮ ಕಡೆ ಗಂಡ ಸತ್ತಾಗಲ್ಲದೆ ಹೆಂಗಸಿನ ಕೊರಳಿಂದ ತಾಳಿ ಇಳಿಯುವುದಿಲ್ಲ. ನನ್ನ ಗಂಡನೋ ಅಲ್ಲೇ ಬೇಲಿಯಾಚೆ ಕೋಸಿಗೆ ಔಷಧಿ ಹೊಡೆಯುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

"ಇದ ನಿಮ್ ಎಂಡ್ರಿಗೆ ಓಗಿ ಯೋಳಿ ಸಾರ್, ನನಗಲ್ಲ" ಎಂದೆ.

ಆತ ಬಂದವನೇ ಸುಟ್ಟ ಮಣಿಕಟ್ಟನ್ನು ನನ್ನ ಮೂಗಿನ ಹತ್ತಿರ ಹಿಡಿದ. "ಇದು ಕೈಯಿ. ಸುಟ್ಕೊಂಡೂ ಬದುಕಿವ್ನಿ. ನಿಂದು ಕುತ್ಗೆ."

ನಾನು ತಾಳಿ ಬಿಚ್ಚಲಿಲ್ಲ. ಅಂದಿನಿಂದ ಬೀಗ ತೆಗೆದು ಹೊರಗೇ ನಿಲ್ಲುತ್ತಿದ್ದೆ. ಲೋಹದ ಸರ ಬ್ಯಾಟರಿಗೆ ತಗುಲಿದರೆ ಜೀವಕ್ಕೆ ಅಪಾಯ, ಹೊರಗೇ ಇರಮ್ಮ ಎಂದಿದ್ದರೆ ಸಾಕಿತ್ತು. ಒಂದು ಒಳ್ಳೆಯ ಮಾತು ಆಡಿದ್ದರೆ ಆತನ ಗಂಟೇನು ಹೋಗುತ್ತಿತ್ತೋ ನನಗಂತೂ ಇಂದಿಗೂ ತಿಳಿಯದು.

ಟವರು ನೋಡಲು ಬಂದವನು ಟವರಿಗಿಂತ ಮೊದಲು ಊರು ನೋಡಿದ. ಮನೆಮನೆಗೂ ಹೋಗಿ ಕರೆಂಟು ಎಷ್ಟು ಹೊತ್ತು ಹೋಗುತ್ತದೆಂದು ಕೇಳಿದ. ಕೇಳುವುದು ಎಂದರೆ ಪೊಲೀಸರು ಕಳ್ಳರನ್ನು ಕೇಳುವ ಹಾಗೆ. ಹಿಟ್ಟಿನ ಗಿರಣಿಯವನು ಪಾಪ, ಬಂದವರ ಮುಂದೆ ಊರಿನ ಮಾನ ಉಳಿಸಲು, "ಒಂದೆರಡು ಗಂಟೆ ಓಯ್ತದ ಸಾರ್, ಅಷ್ಟೇಯ" ಎಂದ.

"ಒಳ್ಳೇ ದಿನವ ಯಾವೋನ್ಲಾ ಕೇಳ್ದ? ಕೆಟ್ ದಿನ ಯೋಳು. ಮಳೇಲಿ ಮರ ಬಿದ್ದು ಲೈನು ಅರ್ದೋದ ದಿನ ಯೋಳು."

ಗಿರಣಿಯವನು ಆಮೇಲೆ ಅವನಿದ್ದ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟ.

ಆ ಸಂಜೆ ಆತ ನಮ್ಮ ಕಣದಲ್ಲಿ ನಿಂತು ಕಂಪನಿಯ ಮೇಲಿನವರ ಜೊತೆ ಫೋನಿನಲ್ಲಿ ತಮಿಳಿನಲ್ಲಿ ಜಗಳವಾಡಿದ. ಅವರು ಹೇಳುತ್ತಿದ್ದುದು ಹಳೆಯ ಥರದ ಸೀಸದ ಬ್ಯಾಟರಿ ಚಿಕ್ಕದೊಂದು ಇಡು, ಜೊತೆಗೆ ಡೀಸೆಲ್ ಜನರೇಟರ್ ಇಡು ಎಂದು. "ಮುಡಿಯಾದು ಸಾರ್, ಮುಡಿಯಾದು", ಆಗುವುದಿಲ್ಲ ಎಂಬುದೊಂದೇ ಈತನ ಉತ್ತರ. ಘಾಟಿಯಲ್ಲಿ ಮರ ಬಿದ್ದರೆ ಡೀಸೆಲ್ ಯಾರು ಹೊತ್ತು ತರುತ್ತಾರೆ? ಸೀಸದ ಬ್ಯಾಟರಿ ತುಂಬಲು ಹೊತ್ತು ಬೇಕು, ಇಲ್ಲಿ ಕರೆಂಟು ಮುಖ ತೋರಿಸಿ ಹೋಗುತ್ತದೆ. ಬೇಗ ತುಂಬುವ ಲಿಥಿಯಂ ಬೇಕು, ಅದೂ ನೀವು ಹೇಳುವುದರ ಎರಡರಷ್ಟು. ಬಲ್ಬು ಕುಂಬಳ ಹೂವಿನ ಬಣ್ಣಕ್ಕೆ ಇಳಿಯುವ ವೋಲ್ಟೇಜಿನಲ್ಲೂ ಕೆಲಸ ಮಾಡುವ ಚಾರ್ಜರು ಬೇಕು. ಮೇಲೆ ಸೋಲಾರ್ ಹಲಗೆ ಬೇಕು. ಇಷ್ಟನ್ನೂ ಬೇಡಿಕೆಯ ದನಿಯಲ್ಲಲ್ಲ, ಬೈಗುಳದ ದನಿಯಲ್ಲೇ ಹೇಳಿದ. ಕೊನೆಗೆ ಅವನ ಮಾತೇ ಗೆದ್ದಿತು. ಅವನ ಬಾಯಿಗೆ ಹೆದರಿಯೇ ಕೊಟ್ಟಿರಬೇಕು.

ಇನ್ನು ನಮ್ಮಪ್ಪನ ವಿಷಯ. ನಮ್ಮ ಜೊತೆಯಲ್ಲೇ ಇದ್ದ ಅಪ್ಪನ ಶ್ವಾಸಕೋಶ ಬೀಡಿಯಿಂದ ಹಾಳಾಗಿತ್ತು. ಚಾಮರಾಜನಗರದ ಆಸ್ಪತ್ರೆಯವರು ಮನೆಯಲ್ಲೇ ಆಕ್ಸಿಜನ್ ಮಿಷಿನ್ ಇಟ್ಟುಕೊಳ್ಳಿ ಎಂದಿದ್ದರು. ಅದು ಓಡುವುದು ಕರೆಂಟಿನಲ್ಲಿ. ಕರೆಂಟು ಹೋದರೆ ಒಮ್ಮೆ ಕಿರುಚಿ ನಿಂತುಬಿಡುತ್ತಿತ್ತು. ಅಪ್ಪ ಕಂಬಕ್ಕೆ ಒರಗಿ, ಮಂಡಿ ಹಿಡಿದುಕೊಂಡು, ಕರೆಂಟು ಬರುವ ತನಕ ಒಂದೊಂದೇ ಉಸಿರನ್ನು ಎಳೆದು ಎಳೆದು ಕೂರುವುದನ್ನು ನಾವೆಲ್ಲ ನೋಡಬೇಕಾಗಿತ್ತು.

ಹೊಸ ಬ್ಯಾಟರಿಗಳು ಬಂದ ದಿನ ಇಳಿಸಲು ಊರಿನ ಗಂಡಸರೆಲ್ಲ ಸೇರಿದ್ದರು. ಬೀರುವಿನಂಥ ಪೆಟ್ಟಿಗೆಯ ತುಂಬ ಬ್ಯಾಟರಿ. ನನಗೆ ತಡೆಯಲಾಗಲಿಲ್ಲ.

"ಸಾರ್, ಇಷ್ಟು ದೊಡ್ಡ ಬ್ಯಾಟ್ರಿ ನಮ್ ಒಲ್ದಲ್ಲೇ ಕುಂತದ. ಕರೆಂಟ್ ಓದಾಗ ನಮ್ಮಪ್ಪನ್ ಮಿಷಿನ್ಗ ಒಂದು ವೈರು ಎಳ್ಕೊಡಿ ಸಾರ್."

ಆತ ನೇರ ನಮ್ಮ ಮನೆಗೆ ನಡೆದ. ಜಗಲಿಯ ಮೇಲೆ ಕೂತಿದ್ದ ಅಪ್ಪನನ್ನು ಹೇಗಿದ್ದೀಯ ಎಂದೂ ಕೇಳದೆ ಒಳಗೆ ನುಗ್ಗಿ, ಮಿಷಿನ್ನಿನ ಬೆನ್ನು ತಿರುಗಿಸಿ, ಅಲ್ಲಿ ಬರೆದಿದ್ದನ್ನು ಓದಿ ಆಚೆ ಬಂದ.

"ನಿಮ್ಮಪ್ಪನ ಮಿಷಿನ್ನು ಟವರ್‌ನಷ್ಟೇ ತಿಂತದ. ಇಬ್ರೂ ಉಂಡ್ರ ಇಬ್ರೂ ಅರ್ಧದಲ್ಲೇ ಸಾಯ್ತರ. ಕೊಡಕ್ಕಾಗಲ್ಲ."

"ನಮ್ಮಪ್ಪ ಸತ್ತೋಯ್ತನ ಸಾರ್."

"ಈ ಬೆಟ್ಟದಲ್ಲಿ ಸಾಯೋನು ನಿಮ್ಮಪ್ಪ ಒಬ್ನೇನಾ?"

ಅಪ್ಪ ಕೇಳಿಸಿಕೊಂಡ. ಊರೆಲ್ಲ ಕೇಳಿಸಿಕೊಂಡಿತು. ನಾನು ಅಲ್ಲೇ ಅತ್ತುಬಿಟ್ಟೆ, ದುಃಖಕ್ಕಲ್ಲ, ರೊಚ್ಚಿಗೆ. ಆತ ಅದನ್ನೂ ನೋಡಲಿಲ್ಲ, ಬೈಯುವುದನ್ನು ಮುಂದುವರಿಸಿದ.

"ಕರೆಂಟ್ ನಂಬ್ಕೊಂಡು ಉಸ್ರಾಡ್ತಿದ್ದೀರಲ್ಲ, ಬುದ್ಧಿ ಅದಾ ನಿಮ್ಗ? ದೊಡ್ಡದೊಂದು ಸಿಲಿಂಡರ್ ತಂದು ಮಗ್ಗುಲಲ್ಲೇ ನಿಲ್ಸು. ಮಿಷಿನ್ ನಿಂತೇಟ್ಗೆ ಅದ ತಿರ್ವು. ಮೀಟ್ರು ಮುಳ್ಳು ಅರ್ಧಕ್ಕ ಬಂದಾಗ್ಲೇ ಆಂಬುಲೆನ್ಸ್ಗ ಪೋನ್ ಮಾಡು, ಮುಗುದ್ ಮ್ಯಾಲಲ್ಲ. ಪೋನು ಸಿಕ್ತದ. ಅದು ನನ್ ಕೆಲ್ಸ."

ಮೈಯೆಲ್ಲ ಉರಿಯುತ್ತಿದ್ದರೂ ಮರುದಿನವೇ ಚಾಮರಾಜನಗರದಿಂದ ಸಿಲಿಂಡರ್ ತಂದೆವು. ಆತನ ಮಾತಿಗೆ ಬೆಲೆ ಕೊಟ್ಟೆವೆಂದಲ್ಲ. ವೈರಂತೂ ಸಿಗುವುದಿಲ್ಲವೆಂದು ಖಾತ್ರಿಯಾಗಿತ್ತು.

ಆ ವರ್ಷದ ಮಳೆಗೆ ಕಾಡಿನೊಳಗೆ ಲೈನಿನ ಮೇಲೆ ಮರ ಬಿತ್ತು. ಬೆಳಿಗ್ಗೆ ಹೋದ ಕರೆಂಟು ಮರುದಿನ ಮಧ್ಯಾಹ್ನವಾದರೂ ಬರಲಿಲ್ಲ. ಸಿಲಿಂಡರನ್ನು ಸಣ್ಣಗೆ ಬಿಟ್ಟುಕೊಂಡು ಕಾದೆವು. ಮೊದಲ ರಾತ್ರಿ ಮುಳ್ಳು ಅರ್ಧಕ್ಕೆ ಬಂದಾಗ ಅಪ್ಪನ ತುಟಿ ಇನ್ನೂ ಕೆಂಪಗೇ ಇತ್ತು, "ಈಗ್ಲೇ ಯಾಕ್ ಕೂಸೇ, ಕರೆಂಟ್ ಬಂದಾತು" ಎಂದ. ನಾನು ಕೇಳಲಿಲ್ಲ, ಫೋನ್ ಒತ್ತಿದೆ. ಸುತ್ತಲಿನ ಬೇರೆ ಕಂಪನಿಗಳ ಟವರುಗಳೆಲ್ಲ ಮಲಗಿದ್ದವಂತೆ. ನಮ್ಮದು ಮಾತ್ರ ಎದ್ದಿತ್ತು, ಮೊದಲ ಸಲಕ್ಕೇ ರಿಂಗಾಯಿತು. ಬಿದ್ದ ಮರಗಳನ್ನು ಬಳಸಿಕೊಂಡು ಆಂಬುಲೆನ್ಸ್ ಬರುವಷ್ಟರಲ್ಲಿ ಮಧ್ಯಾಹ್ನವಾಗಿ, ಸಿಲಿಂಡರಿನ ಮುಳ್ಳು ತಳ ಮುಟ್ಟಿತ್ತು. ಮುಗಿದ ಮೇಲೆ ಫೋನ್ ಮಾಡಿದ್ದರೆ ಆ ಗಾಡಿ ಹೆಣ ಹೊರಲು ಬರಬೇಕಾಗಿತ್ತು.

ಅಪ್ಪ ಆಸ್ಪತ್ರೆಯಿಂದ ಮರಳಿ, ಗಾಡಿಯಿಳಿದು ತನ್ನ ಕಾಲ ಮೇಲೇ ನಡೆದು ಮನೆಯೊಳಗೆ ಬಂದ. ಮುಂದಿನ ಸಲ ಬ್ಯಾಟರಿಯವನು ಬಂದಾಗ, ಹಾಳಾಗಿ ಹೋಗಲಿ, ಉಪಕಾರ ಉಪಕಾರವೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹತ್ತಿರ ಹೋದೆ. "ಸಾರ್, ನಿಮ್ಮಿಂದ ನಮ್ಮಪ್ಪ ಉಳ್ಕೊಂಡ."

"ನಿಮ್ಮಪ್ಪನ್ಗ ಅಂತ ಆಕಿದ್ ಬ್ಯಾಟ್ರಿ ಅಲ್ಲ ಅದು" ಎಂದ ಆತ, ಸೋಲಾರ್ ಹಲಗೆಯ ಕಡೆ ನೋಡುತ್ತ. "ಉಲ್ಲು ಇಷ್ಟುದ್ದ ಬೆಳ್ದದಲ್ಲ, ಕುಯ್ದಾಕಕ್ಕೆ ನಿನ್ಗ ಕೈ ಇಲ್ವಾ?"

ಇಂಥವನನ್ನು ಇಷ್ಟಪಡುವುದು ಹೇಗೆ? ನಾನು ಕುಡುಗೋಲು ತಂದು ಹುಲ್ಲು ಕೊಯ್ದೆ, ಒಂದೊಂದು ಹಿಡಿಗೂ ಆತನನ್ನು ಬೈಯುತ್ತ. ಅಪ್ಪನಂತೂ ಜಗಲಿಯ ಮೇಲಿನ ಆ ಮಾತನ್ನು ಮರೆಯಲೇ ಇಲ್ಲ. ಜೀಪಿನ ಸದ್ದು ಕೇಳಿದರೆ ಕೋಲು ಹಿಡಿದು ಒಳಗೆ ಎದ್ದು ಹೋಗುತ್ತಿದ್ದ. "ಎಲ್ಲಾರ್ ಮುಂದೆ ನನ್ ಸಾವ ಆಡ್ಕೊಂಡ ಬಡ್ಡೀಮಗ" ಎನ್ನುವುದು ಅವನ ಒಂದೇ ಮಾತು. ಆತ ಮನೆಗೆ ಬಂದರೆ ನೀರು ಕೂಡ ಕೊಡಬೇಡಿ ಎಂದು ಕಟ್ಟಪ್ಪಣೆ ಮಾಡಿದ್ದ. ಆತನೂ ಕೇಳಿದವನಲ್ಲ, ಬಿಸಿಲಲ್ಲಿ ನಿಂತು ತನ್ನ ಬಾಟಲಿಯ ನೀರನ್ನೇ ಕುಡಿದು ಹೋಗುತ್ತಿದ್ದ.

ಹೋದ ವರ್ಷ ಬ್ಯಾಟರಿ ನೋಡಲು ಬೇರೆ ಒಬ್ಬರು ಬಂದರು. ಹಳಬರು ಎಲ್ಲಿ ಎಂದು ಕೇಳಿದೆ. ಹಿಂದಿನ ದಿನ ಮನೆಯಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ದೂರದಿಂದ ಮಗಳು ಬರಬೇಕು, ಮಣ್ಣು ಮಾಡುವುದು ಸಂಜೆಗೆ.

ನಾನು ಒಳಗೆ ಬಂದೆ. ಅಪ್ಪ ಮೂಗಿಗೆ ನಳಿಗೆ ಹಾಕಿಕೊಂಡು ಮಿಷಿನ್ನಿನ ಪಕ್ಕ ಕೂತಿದ್ದ. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು.

"ನಿನ್ ಶತ್ರು ಓದ ಕಣಪ್ಪ. ಬ್ಯಾಟ್ರಿಯವ್ನು."

ಅಪ್ಪ ಮೂಗಿನ ನಳಿಗೆ ಸರಿಮಾಡಿಕೊಂಡ. "ಕೆಟ್ ಬಾಯಿ" ಎಂದ. ಮತ್ತೆ ಉಸಿರು ಕೂಡಿಸಿಕೊಂಡು ಕೇಳಿದ, "ಮಣ್ಣು ಯಾವಾಗಂತೆ?"

"ಸಂಜ್ಗಂತೆ."

"ಅಲ್ಲೀಗಂಟ ಒಲೆ ಉರಿಬಾರ್ದು. ಆರ್ಸು."

ನಮ್ಮಲ್ಲಿ ಒಲೆ ಆರಿಸುವುದು ರಕ್ತ ಸಂಬಂಧದವರು ಸತ್ತರೆ ಮಾತ್ರ. "ಅವ್ನೇನ್ ನಮ್ ಅಣ್ಣನಾ ತಮ್ಮನಾ?" ಎಂದು ರೇಗಿದೆ.

"ಆರ್ಸು ಅಂದೆ" ಎಂದ ಅಪ್ಪ.

ಕೊಳ್ಳಿಗಳನ್ನು ಹೊರಗೆಳೆದು ನೀರು ಚೆಲ್ಲಿದೆ. ಆತನ ಮೇಲಿನ ಸಿಟ್ಟು ನನಗೆ ಅಂದೂ ಇಳಿದಿರಲಿಲ್ಲ, ಇಂದೂ ಇಳಿದಿಲ್ಲ. ಹೊತ್ತು ಮುಳುಗುವ ತನಕ ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ.